ನಿಧಾನವಾಗಿ ಬಂದವರೆಲ್ಲ ನೆಂಟರಲ್ಲ

ಪಟ್ಟಿ ಹಿಡಿದು ಊರು ಸುತ್ತುವವರನ್ನು ಹೀಯಾಳಿಸುವುದಕ್ಕೆ ಈಗ ಧೈರ್ಯವೇನೂ ಬೇಕಿಲ್ಲ. ಭಾನುವಾರದ ಪುರವಣಿ ತೆರೆದರೆ ಅದೇ ಮಾತು, ಯೂಟ್ಯೂಬ್ ಹಾಕಿದರೂ ಅದೇ ಮಾತು. ಬೆಳಿಗ್ಗೆ ಬೆಟ್ಟ, ಮಧ್ಯಾಹ್ನ ಗುಡಿ, ಸಂಜೆ ಕೋಟೆ ಎಂದು ಓಡುವವನು ಏನನ್ನೂ ಕಾಣುವುದಿಲ್ಲವಂತೆ. ಒಂದೇ ಊರಿನಲ್ಲಿ ನಾಲ್ಕು ದಿನ ತಂಗಿ, ಹಳ್ಳಿಯವರ ಜೊತೆ ಮುದ್ದೆ ಉಂಡು, ಅವರ ಕಷ್ಟಸುಖ ಕೇಳಿದವನೇ ನಿಜವಾದ ಪ್ರವಾಸಿಯಂತೆ. ನಿಧಾನವೆಂದರೆ ಮನುಷ್ಯತ್ವ, ಅವಸರವೆಂದರೆ ಟೊಳ್ಳು ಎಂಬ ಈ ಮಾತು ಕೇಳಲು ಹಿತವಾಗಿದೆ. ತುಮಕೂರು ಜಿಲ್ಲೆಯ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳಲ್ಲಿ ಒರೆಗೆ ಹಚ್ಚಿ ನೋಡಿದರೆ ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಉಳಿಯುವುದಿಲ್ಲ ಎಂಬುದು ನನ್ನ ವಾದ.

ಈ ಸೀಮೆಗೆ ಬರುವವರ ಪಟ್ಟಿ ಚಿಕ್ಕದು, ಹೆಚ್ಚುಕಡಿಮೆ ಎಲ್ಲರದೂ ಒಂದೇ. ಮಧುಗಿರಿಯ ಏಕಶಿಲಾ ಬೆಟ್ಟ, ಕೊರಟಗೆರೆ ತಾಲ್ಲೂಕಿನ ಸಿದ್ಧರಬೆಟ್ಟ, ಅಲ್ಲೇ ಗೊರವನಹಳ್ಳಿಯ ಮಹಾಲಕ್ಷ್ಮಿ, ಪಾವಗಡದ ಶನಿಮಹಾತ್ಮ, ಶಿರಾದ ಕೋಟೆ. ಪುರುಸೊತ್ತಿದ್ದರೆ ಶಿರಾದಲ್ಲೇ ಮಲಿಕ್ ರಿಹಾನನ ಸಮಾಧಿ, ಕಾಲ ಕೂಡಿಬಂದರೆ ಕಗ್ಗಲಡುವಿನ ಕೊಕ್ಕರೆಗಳು. ಬೆಂಗಳೂರಿನಿಂದ ಮಧುಗಿರಿಗೆ ಸುಮಾರು 100 ಕಿಲೋಮೀಟರ್. ಕತ್ತಲಿರುವಾಗಲೇ ಹೊರಟರೆ ಬಂಡೆ ಕಾಯುವ ಮುನ್ನ ಬೆಟ್ಟದ ಬುಡದಲ್ಲಿರಬಹುದು.

ಹಾಗೆ ಹೊರಡುವವರು ಯಾರು? ವಾರಕ್ಕೊಂದೇ ರಜೆ ಇರುವವರು. ಗಾರ್ಮೆಂಟ್ಸ್ ಕೆಲಸದ ಹೆಂಗಸರು ಚೀಟಿ ಹಣ ಸೇರಿಸಿ ಮಾಡಿಕೊಂಡ ಟಿಟಿ ಗಾಡಿ, ಅಂಗಡಿ ಹುಡುಗರ ಎರಡು ಬೈಕು, ಅಜ್ಜಿಯನ್ನೂ ಹಸುಗೂಸನ್ನೂ ಒಟ್ಟಿಗೆ ತುಂಬಿಕೊಂಡ ಒಂದು ಕಾರು. ಇವರಿಗೆ ‘ನಾಲ್ಕು ದಿನ ಇದ್ದು ನೋಡಿ’ ಎಂದು ಬುದ್ಧಿ ಹೇಳುವುದೆಂದರೆ, ನಾಲ್ಕು ದಿನದ ಕೂಲಿ ಬಿಟ್ಟು ಬನ್ನಿ ಎಂದು ಹೇಳಿದಂತೆ. ನಿಧಾನಕ್ಕೆ ರಜೆ ಬೇಕು, ರಜೆಗೆ ಸಂಬಳ ಬೇಕು. ಈ ಲೆಕ್ಕ ಹಾಕದೆ ಅವಸರದವರನ್ನು ಆಳವಿಲ್ಲದವರು ಎನ್ನುವುದು ವರ್ಗದ ಸೊಕ್ಕು. ಅದಕ್ಕೆ ಈಗ ಸಂಸ್ಕೃತಿಯ ಹೆಸರು ಸಿಕ್ಕಿದೆ, ಅಷ್ಟೇ.

ಆ ಅವಸರದವರು ಮಧುಗಿರಿ ಬೆಟ್ಟದ ಮೇಲೆ ಹೇಗಿರುತ್ತಾರೆಂದು ನೋಡಿ. ಸಮುದ್ರಮಟ್ಟದಿಂದ 3,930 ಅಡಿ ಎತ್ತರದ ಆ ಬಂಡೆಗೆ ಯಾರ ಅವಸರವೂ ಲೆಕ್ಕಕ್ಕಿಲ್ಲ. ಬಾಗಿಲ ಮೇಲೆ ಬಾಗಿಲು ದಾಟಿ, ಬಂಡೆಯಲ್ಲಿ ಕೊರೆದ ಕಾಲಿಡುವ ಗುಳಿಗಳಲ್ಲಿ ಹೆಜ್ಜೆ ಊರಿ, ಕಂಬಿ ಹಿಡಿದು ಏರುವ ಜಾಗ ಬಂದಾಗ ಪಟ್ಟಿಯವರೂ ಪುರುಸೊತ್ತಿನವರೂ ಒಂದೇ. ಅಲ್ಲಿ ಗುರುತಿಲ್ಲದ ಹುಡುಗ ಗುರುತಿಲ್ಲದ ಹೆಂಗಸಿನ ಮಗುವನ್ನು ಎತ್ತಿ ಮೇಲಿನ ಮೆಟ್ಟಿಲಿಗೆ ದಾಟಿಸುತ್ತಾನೆ. ಇಳಿದು ಬರುವವರು ಏರುವವರಿಗೆ ‘ಇನ್ನೇನ್ ಬಂದೇಬುಡ್ತು ಕಣಕ್ಕ, ಹತ್ತಿ’ ಎಂದು ಕರುಣೆಯ ಸುಳ್ಳು ಹೇಳುತ್ತಾರೆ. ನೀರಿನ ಬಾಟಲಿ ಕೈ ಬದಲಾಗುತ್ತದೆ. ಕೆಳಗಿಳಿದ ಮೇಲೆ ಯಾರೂ ಯಾರ ಫೋನ್ ನಂಬರೂ ಕೇಳುವುದಿಲ್ಲ. ನಾಲ್ಕು ದಿನ ಹುಡುಕಿಕೊಂಡು ಹೋಗಬೇಕಾದ ಮಾನವ ಸಂಬಂಧ ಅರ್ಧ ಗಂಟೆಯಲ್ಲಿ ಆಗಿಹೋಗಿದೆ. ಹುಡುಕದೆ ಸಿಕ್ಕಿದ್ದಕ್ಕೆ ಅದಕ್ಕೆ ಬೆಲೆಯಿಲ್ಲವೇ?

ನಿಧಾನವೇ ಗುಣ ಎನ್ನುವವರು ಚರಿತ್ರೆಯ ಒಬ್ಬ ಪ್ರವಾಸಿಯನ್ನು ನೆನಪಿಸಿಕೊಳ್ಳಲಿ. 1800ರಲ್ಲಿ ಫ್ರಾನ್ಸಿಸ್ ಬುಕಾನನ್ ಮದರಾಸಿನಿಂದ ಹೊರಟು ಮೈಸೂರು ಸೀಮೆಯನ್ನೆಲ್ಲ ಸುತ್ತಿದ. ಮಧುಗಿರಿ, ಶಿರಾಗಳಿಗೂ ಬಂದ. ಅವನಷ್ಟು ನಿಧಾನವಾಗಿ, ಅವನಷ್ಟು ಜನರನ್ನು ಮಾತನಾಡಿಸಿಕೊಂಡು ಈ ದಾರಿಯಲ್ಲಿ ಹೋದ ಹೊರಗಿನವರು ಅಪರೂಪ. ರಾಗಿಯ ಜೊತೆ ಏನು ಬಿತ್ತುತ್ತೀರಿ, ದನ ಹೇಗೆ ಮೇಯಿಸುತ್ತೀರಿ, ಕಬ್ಬಿಣ ಹೇಗೆ ಕರಗಿಸುತ್ತೀರಿ, ನಿಮ್ಮ ಜಾತಿಯಲ್ಲಿ ಮದುವೆ ಹೇಗೆ ಎಂದು ಒಂದನ್ನೂ ಬಿಡದೆ ಕೇಳಿದ, ಬರೆದುಕೊಂಡ. ಆ ಬರಹ 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಅಚ್ಚಾಯಿತು. ಇಂದಿಗೂ ಈ ಸೀಮೆಯ ಒಕ್ಕಲುತನದ ಚರಿತ್ರೆ ಬರೆಯುವವರಿಗೆ ಅದಿಲ್ಲದೆ ಆಗುವುದಿಲ್ಲ. ಆದರೆ ಅವನನ್ನು ಕಳಿಸಿದ್ದು ಗವರ್ನರ್ ಜನರಲ್ ವೆಲ್ಲೆಸ್ಲಿ. ಟಿಪ್ಪು ಸತ್ತು ಒಂದು ವರ್ಷವೂ ತುಂಬಿರಲಿಲ್ಲ. ಗೆದ್ದ ನಾಡಿನಲ್ಲಿ ಏನಿದೆ, ಎಷ್ಟು ಹುಟ್ಟುತ್ತದೆ ಎಂಬುದು ಕಂಪನಿಗೆ ಬೇಕಿತ್ತು. ನಿಧಾನವಾಗಿ ನಡೆದು, ಜನರ ಜೊತೆ ಕೂತು, ಅವರ ಬದುಕನ್ನು ವಿವರವಾಗಿ ತಿಳಿದುಕೊಂಡೂ ಅವರಿಗೆ ಏನೂ ಆಗದೆ ಹೋಗಬಹುದು ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಇಂದಿನ ನಿಧಾನದ ಪ್ರವಾಸಿಗೆ ಕಂದಾಯದ ಆಸೆಯಿಲ್ಲ, ನಿಜ. ಅವನಿಗೆ ಬೇಕಾದದ್ದು ಅನುಭವ. ತೆಗೆದುಕೊಂಡು ಹೋಗುವುದರಲ್ಲಿ ಮಾತ್ರ ಇಬ್ಬರೂ ಒಂದೇ ದಾರಿಯವರು.

‘ನಿಧಾನ’ದ ಈ ಒಲವು ಹುಟ್ಟಿದ್ದು ಪ್ರವಾಸದಲ್ಲಿ ಅಲ್ಲ, ಊಟದಲ್ಲಿ. 1986ರಲ್ಲಿ ರೋಮ್ ನಗರದಲ್ಲಿ ಮೆಕ್‌ಡೊನಾಲ್ಡ್ಸ್ ಅಂಗಡಿ ತೆರೆದಾಗ ಇಟಲಿಯ ಕಾರ್ಲೊ ಪೆತ್ರಿನಿ ಮತ್ತು ಗೆಳೆಯರು ಎದುರು ನಿಂತರು; ಅಲ್ಲಿಂದ ಸ್ಲೋ ಫುಡ್ ಚಳವಳಿ ಬೆಳೆಯಿತು. ಆ ಊರಿನ ರೈತನ ಬೆಳೆ, ಆ ಊರಿನ ಅಡುಗೆ ಉಳಿಯಬೇಕೆಂಬ ಆರ್ಥಿಕ ಜಗಳ ಅದು. ಪ್ರವಾಸಕ್ಕೆ ಬರುವಷ್ಟರಲ್ಲಿ ಜಗಳ ಉದುರಿಹೋಗಿ ಆರಾಮ ಮಾತ್ರ ಉಳಿಯಿತು. ಶಿರಾ, ಪಾವಗಡದ ಕಡಲೆಕಾಯಿ ಬೆಳೆಗಾರನಿಗೆ ಸಿಗುವ ಬೆಲೆಯ ಬಗ್ಗೆ ನಿಧಾನದ ಪ್ರವಾಸಿ ಎರಡು ಸಾಲು ಬರೆದದ್ದನ್ನು ನಾನು ಓದಿಲ್ಲ. ಬೇಯಿಸಿದ ಕಡಲೆಕಾಯಿಯ ರುಚಿಯ ಬಗ್ಗೆ ಪುಟಗಟ್ಟಲೆ ಓದಿದ್ದೇನೆ.

ಇನ್ನು ‘ಹಳ್ಳಿಯವರ ಜೊತೆ ಬೆರೆಯುವ’ ಮಾತು. ಈ ಕಡೆಯ ಯಾವ ಹಳ್ಳಿಯ ಅರಳಿಕಟ್ಟೆಯ ಹತ್ತಿರ ಹೊಸಬರು ಇಳಿದರೂ ಕೇಳುವುದು ಒಂದೇ:

‘ಯಾವೂರಣ್ಣ? ಯಾರ್ ಮನೇಗ್ ಬಂದಿದ್ದು?’

ಪಾವಗಡದ ಕಡೆ ಹೋದರೆ ಅದೇ ಪ್ರಶ್ನೆ ತೆಲುಗಿನಲ್ಲೂ ಬರುತ್ತದೆ. ಮನೆಯಲ್ಲಿ ತೆಲುಗು, ಸ್ಕೂಲಿನಲ್ಲಿ ಕನ್ನಡ ಅಲ್ಲಿನ ರೂಢಿ. ಆ ಪ್ರಶ್ನೆಗೆ ‘ಶನಿಮಹಾತ್ಮನ ಗುಡಿಗೆ’ ಎಂದರೆ ಮಾತು ಮುಂದೆ ಸಾಗುತ್ತದೆ. ‘ಹರಕೆ ಇತ್ತಾ? ಏಳರಾಟವಾ?’ ಎಂದು ವಿಚಾರಿಸುತ್ತಾರೆ, ತಮ್ಮ ಅಳಿಯನ ಏಳರಾಟದ ಕಥೆ ಹೇಳುತ್ತಾರೆ. ‘ಹುಣಸೆಹಣ್ಣಿನ ವ್ಯಾಪಾರಕ್ಕೆ’ ಎಂದರೂ ಆಯಿತು. ‘ಸುಮ್ನೆ, ನಿಮ್ ಊರು ನೋಡೋಣ ಅಂತ’ ಎಂದರೆ ಮಾತ್ರ ಎದುರಿನವರ ಮುಖದಲ್ಲಿ ಸಂಶಯ ಹುಟ್ಟುತ್ತದೆ. ‘ನೋಡೋಕೇನೈತೆ ಇಲ್ಲಿ?’ ಅದು ಸಂಕೋಚವಲ್ಲ, ಬಡತನದ ನಾಚಿಕೆಯೂ ಅಲ್ಲ; ನ್ಯಾಯವಾದ ಪ್ರಶ್ನೆ. ಸೈಟು ಕೊಳ್ಳಲು ಬಂದ ದಲ್ಲಾಳಿಯಿಂದ ಹಿಡಿದು ಸರ್ವೆಯವರ ತನಕ ಹೀಗೆ ‘ಸುಮ್ನೆ’ ಬಂದವರನ್ನು ಅವರು ಕಂಡಿದ್ದಾರೆ. ಈ ಊರುಗಳಲ್ಲಿ ಸಂಬಂಧ ಹುಟ್ಟುವುದು ಕೆಲಸದಿಂದ, ನೆಪದಿಂದ, ಮತ್ತೆ ಮತ್ತೆ ಬರುವುದರಿಂದ. ಎಷ್ಟು ಹೊತ್ತು ಕೂತಿರಿ ಎಂಬುದರಿಂದ ಅಲ್ಲ.

ಗೊರವನಹಳ್ಳಿಯನ್ನೇ ತೆಗೆದುಕೊಳ್ಳಿ. ನಿಂತುಹೋದಂತಿದ್ದ ಮಹಾಲಕ್ಷ್ಮಿಯ ಪೂಜೆಯನ್ನು ಕಮಲಮ್ಮ ಎಂಬ ಹೆಣ್ಣುಮಗಳು ಹಟ ಹಿಡಿದು ನಡೆಸಿಕೊಂಡು ಬಂದದ್ದರಿಂದ ಇವತ್ತಿನ ಕ್ಷೇತ್ರ ಬೆಳೆಯಿತು ಎಂದು ಅಲ್ಲಿಗೆ ಹೋಗುವ ಎಲ್ಲರಿಗೂ ಗೊತ್ತು. ಶುಕ್ರವಾರ ಬರುವ ಭಕ್ತೆಯಷ್ಟು ಅವಸರದವಳು ಬೇರೆ ಇಲ್ಲ. ಸಾಲು, ದರ್ಶನ, ಪ್ರಸಾದ, ವಾಪಸ್ ಬಸ್ಸು. ಊರಿನ ಬೀದಿಯನ್ನೂ ಅವಳು ಸರಿಯಾಗಿ ನೋಡಿಲ್ಲ. ಆದರೆ ಹೂವು ಮಾರುವವಳಿಗೆ ಅವಳ ಮುಖದ ಗುರುತಿದೆ. ‘ಏನಮ್ಮ, ಹೋದ್ ಸಲ ಮಗಳ ಮದುವೆ ಅಂತಿದ್ದೆ, ಆಯ್ತಾ?’ ಎಂದು ಕೇಳುವಷ್ಟು ಸಲಿಗೆ ಇದೆ. ವರ್ಷಗಟ್ಟಲೆ ಸೇರಿದ ಹತ್ತು ಹತ್ತು ನಿಮಿಷಗಳ ಸಲಿಗೆ ಅದು. ಹೋಮ್‌ಸ್ಟೇಯಲ್ಲಿ ನಾಲ್ಕು ದಿನ ಇದ್ದು, ಅಜ್ಜಿಯ ಜೊತೆ ರೊಟ್ಟಿ ತಟ್ಟಿ, ಫೋಟೊ ಹಿಡಿದು, ಮತ್ತೆಂದೂ ಆ ಕಡೆ ತಲೆ ಹಾಕದವನ ‘ಆಳವಾದ ಅನುಭವ’ಕ್ಕಿಂತ ಇದು ಕಡಿಮೆ ಎಂದು ಯಾರು ಹೇಳಬೇಕು? ಆ ಅಜ್ಜಿಯನ್ನೇ ಕೇಳಬಹುದು. ಮುಂದಿನ ವಾರದ ಪ್ರವಾಸಿಗೆ ಅವರು ರೊಟ್ಟಿ ತಟ್ಟುತ್ತಿರುತ್ತಾರೆ.

ಪಟ್ಟಿಯೇ ಮನುಷ್ಯ ಸಂಬಂಧದ ಶತ್ರು ಎಂಬ ಮಾತಿಗೆ ನನ್ನ ಹತ್ತಿರ ಇನ್ನೂ ಗಟ್ಟಿಯಾದ ಉತ್ತರವಿದೆ. ಶಿರಾ, ಮಧುಗಿರಿ, ಪಾವಗಡಗಳಲ್ಲಿ ಕಾಡುಗೊಲ್ಲರ ಹಟ್ಟಿಗಳು ಬಹಳ. ಜುಂಜಪ್ಪನ ಕಾವ್ಯವನ್ನು ಬಾಯಲ್ಲೇ ಉಳಿಸಿಕೊಂಡು ಬಂದ ಜನ ಇವರು; ಶಿರಾ ತಾಲ್ಲೂಕಿನ ಕಳುವರಹಳ್ಳಿಯ ಜುಂಜಪ್ಪನ ಗುಡ್ಡೆ ಅವರಿಗೆ ಪವಿತ್ರ. ಜಾನಪದದ ಮೋಹದ ನಿಧಾನದ ಪ್ರವಾಸಿಗೆ ಹಟ್ಟಿ ಎಂದರೆ ಗಣೆಯ ದನಿ, ರಾತ್ರಿಯೆಲ್ಲ ನಡೆಯುವ ಹಾಡು. ಅದು ಸುಳ್ಳೇನಲ್ಲ. ಆದರೆ ಮುಟ್ಟಾದ ಹೆಣ್ಣುಮಕ್ಕಳನ್ನೂ ಬಾಣಂತಿ ಮಗುವನ್ನೂ ಹಟ್ಟಿಯ ಹೊರಗೆ ಇರಿಸುವ ಪದ್ಧತಿ ಪೂರ್ತಿ ಅಳಿದಿಲ್ಲ. 2023ರಲ್ಲಿ ತುಮಕೂರು ತಾಲ್ಲೂಕಿನ ಒಂದು ಗೊಲ್ಲರಹಟ್ಟಿಯಲ್ಲಿ ಹೊರಗಿನ ಗುಡಿಸಿಲಲ್ಲಿದ್ದ ಹಸುಗೂಸು ಮಳೆಗೆ ಚಳಿಗೆ ತೀರಿಕೊಂಡದ್ದು ನಾಡಿಗೆಲ್ಲ ಸುದ್ದಿಯಾಯಿತು. ಆ ಗುಡಿಸಿಲ ಬಾಗಿಲಿಗೆ ಹೋಗುವ ಹೊರಗಿನವಳು ಯಾರು? ಆಶಾ ಕಾರ್ಯಕರ್ತೆ. ಅವಳ ಕೈಯಲ್ಲಿ ಇರುವುದು ಪಟ್ಟಿಯೇ. ಬಸುರಿಯರು ಎಷ್ಟು, ಮಾತ್ರೆ ಕೊಟ್ಟೆಯಾ, ಚುಚ್ಚುಮದ್ದು ಆಯಿತಾ, ಮಗುವಿನ ತೂಕ ಎಷ್ಟು ಎಂದು ಒಂದೊಂದಾಗಿ ಗುರುತು ಹಾಕಿಕೊಂಡು, ಮುಂದಿನ ಮನೆಗೆ ಓಡುತ್ತಾಳೆ. ಕೂತು ಕಥೆ ಕೇಳಲು ಅವಳಿಗೆ ಪುರುಸೊತ್ತಿಲ್ಲ. ಈ ನಾಲ್ಕು ತಾಲ್ಲೂಕಿನ ಹೆಂಗಸರ ಒಳಗುಟ್ಟು ಅವಳಿಗೆ ಗೊತ್ತಿರುವಷ್ಟು ಯಾವ ಪ್ರವಾಸ ಬರಹಗಾರನಿಗೂ ಗೊತ್ತಿಲ್ಲ.

ಪಟ್ಟಿಯನ್ನು ನಾನು ಪೂರ್ತಿ ವಹಿಸಿಕೊಂಡು ಮಾತನಾಡುತ್ತಿಲ್ಲ. ಈ ಸೀಮೆಯ ಪ್ರವಾಸಿ ಪಟ್ಟಿಯಲ್ಲಿ ದೊಡ್ಡ ದೋಷವಿದೆ. ಅದು ವೇಗದ್ದಲ್ಲ, ಆಯ್ಕೆಯದು. ಮಧುಗಿರಿಯ ಬಗ್ಗೆ ಎಲ್ಲರೂ ಹೇಳುವುದು ‘ಏಷ್ಯಾದಲ್ಲೇ ಎರಡನೆಯ ದೊಡ್ಡ ಏಕಶಿಲಾ ಬೆಟ್ಟ’ ಎಂದು. ಈ ಎರಡನೆಯ ಸ್ಥಾನವನ್ನು ಕಣ್ಣಿನಿಂದ ನೋಡುವುದು ಹೇಗೆ? ಮೊದಲನೆಯದಕ್ಕಿಂತ ಎಷ್ಟು ಕಡಿಮೆ ಎಂದು ಹತ್ತುವವನಿಗೆ ಕಾಲು ಹೇಳುತ್ತದೆಯೇ? ಬಹುಮಾನದ ಚೀಟಿ ಅಂಟಿಸಿದ ಕೂಡಲೇ ಬೆಟ್ಟದ ಬುಡದ ಊರು ಮರೆಯಾಗುತ್ತದೆ. ವೆಂಕಟರಮಣಸ್ವಾಮಿ, ಮಲ್ಲೇಶ್ವರ, ಜೈನ ಬಸದಿ, ಮಸೀದಿ ಒಂದರ ಪಕ್ಕ ಒಂದು ಇರುವ ಪೇಟೆ ಅದು. ದಂಡಿನ ಮಾರಮ್ಮನ ಜಾತ್ರೆಗೆ ದೂರದೂರದಲ್ಲಿ ಕೆಲಸಕ್ಕಿರುವ ಮಕ್ಕಳೆಲ್ಲ ವಾಪಸ್ ಬರುವ ಊರು. ಎರಡನೆಯ ಸ್ಥಾನ ನೋಡಿ ಬಂದವನಿಗೆ ಮಾರಮ್ಮ ಯಾವ ದಂಡಿನವಳೆಂದು ಕೇಳುವ ಕುತೂಹಲವೇ ಹುಟ್ಟುವುದಿಲ್ಲ.

ಶಿರಾದ ಕಥೆ ಇದಕ್ಕಿಂತ ದೊಡ್ಡದು. ಕಸ್ತೂರಿ ರಂಗಪ್ಪ ನಾಯಕ ಕಟ್ಟಲು ತೊಡಗಿದ ಕೋಟೆ 1638ರ ಹೊತ್ತಿಗೆ ಬಿಜಾಪುರದವರ ಕೈ ಸೇರಿತು. 1687ರಲ್ಲಿ ಮೊಗಲರು ಇಲ್ಲಿ ಸುಬೆ ಸ್ಥಾಪಿಸಿದಾಗ ಪೆನುಕೊಂಡ, ದೊಡ್ಡಬಳ್ಳಾಪುರ, ಹೊಸಕೋಟೆ, ಕೋಲಾರಗಳೆಲ್ಲ ಶಿರಾದ ಕೆಳಗೆ ಬಂದವು. 1696ರ ಜುಮ್ಮಾ ಮಸೀದಿ ಆ ಕಾಲದ್ದು. 1761ರಲ್ಲಿ ಹೈದರಾಲಿಗೆ ನವಾಬಗಿರಿಯ ಬಿರುದು ಸಿಕ್ಕಿದ್ದೂ ಶಿರಾದ ಹೆಸರಿನಲ್ಲೇ. ಇಲ್ಲಿನ ಅರಮನೆ ಬೆಂಗಳೂರು, ಶ್ರೀರಂಗಪಟ್ಟಣದ ಅರಮನೆಗಳಿಗೂ, ಖಾನ್‌ಬಾಗ್ ತೋಟ ಲಾಲ್‌ಬಾಗಿಗೂ ಮಾದರಿ ಎನ್ನುತ್ತಾರೆ. ಇಷ್ಟೆಲ್ಲ ಇದ್ದ ಪಟ್ಟಣ ಹೀಗೇಕೆ ಆಯಿತು? ಶ್ರೀರಂಗಪಟ್ಟಣದ ಹೊಸ ಪೇಟೆಯಾದ ಗಂಜಾಮನ್ನು ತುಂಬಲು ಟಿಪ್ಪು ಶಿರಾದಿಂದ 12,000 ಕುಟುಂಬಗಳನ್ನು ಎಬ್ಬಿಸಿಕೊಂಡು ಹೋದ ಎಂದು ಗೆಜೆಟಿಯರ್ ದಾಖಲಿಸಿದೆ. ಶಿರಾದಲ್ಲಿ ನೋಡಬೇಕಾದದ್ದು ಈ ಖಾಲಿ. ಅದನ್ನು ನೋಡಲು ಒಂದು ದಿನವೂ ಬೇಡ, ಒಂದು ಸಾಲಿನ ಫಲಕ ಸಾಕು. ಫಲಕವಿಲ್ಲದೆ ಹತ್ತು ದಿನ ಕೋಟೆಯ ಕಂದಕದ ಬಳಿ ಧ್ಯಾನಿಸುತ್ತ ಕೂತರೂ ಅದು ಹೊಳೆಯುವುದಿಲ್ಲ. ನಿಧಾನದವರು ಒಪ್ಪದ ಸತ್ಯ ಇದು: ಕೆಲವು ಸಂಗತಿಗಳಿಗೆ ಬೇಕಾದದ್ದು ಸಮಯವಲ್ಲ, ತಿಳಿವಳಿಕೆ.

ಪಾವಗಡದ ದಾರಿಯೂ ಹಾಗೆಯೇ. ಮಧುಗಿರಿ ಕಡೆಯಿಂದ ಹೋಗುವಾಗ ನಡುವೆ ಆಂಧ್ರದ ಮಡಕಶಿರಾ ತಾಲ್ಲೂಕು ಹಾಯ್ದೇ ಹೋಗಬೇಕು. ತನ್ನ ಜಿಲ್ಲೆಯ ನೆಲಕ್ಕೆ ತಾಗದ ತಾಲ್ಲೂಕು ಪಾವಗಡ. ಬರಗಾಲಕ್ಕೆ, ನೀರಿನ ಫ್ಲೋರೈಡಿಗೆ ಹೆಸರಾದದ್ದು. ಶನಿಮಹಾತ್ಮನ ದರ್ಶನ ಮುಗಿಸಿ ಹಿಂದಿರುಗುವವರಿಗೆ ನಾಗಲಮಡಿಕೆ ಹೋಬಳಿಯ ಕಡೆ ತಿರುಗಿ ಎಂದು ಯಾವ ಪಟ್ಟಿಯೂ ಹೇಳುವುದಿಲ್ಲ. ಅಲ್ಲಿ ತಿರುಮಣಿ, ವಳ್ಳೂರು, ಬಾಲಸಮುದ್ರ, ರಾಯಚೆರ್ಲು, ಕ್ಯಾತಗಾನಚೆರ್ಲು ಎಂಬ ಐದು ಹಳ್ಳಿಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟಿನ ಸೋಲಾರ್ ಪಾರ್ಕ್ ಹರಡಿದೆ. 2018ರ ಮಾರ್ಚಿನಲ್ಲಿ ಉದ್ಘಾಟನೆ ಆಯಿತು. ಸರ್ಕಾರ ಭೂಮಿ ಕೊಳ್ಳಲಿಲ್ಲ, ಗುತ್ತಿಗೆಗೆ ಪಡೆಯಿತು. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರು, ಎರಡು ವರ್ಷಕ್ಕೊಮ್ಮೆ ಶೇಕಡ 5 ಏರಿಕೆ. ಮಳೆ ನಂಬಿ ಕಡಲೆಕಾಯಿ ಹಾಕಿ ಸೋತವರಿಗೆ ಅದು ಖಾತ್ರಿ ದುಡ್ಡು. ಜಮೀನಿಲ್ಲದೆ ಅದೇ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದವರಿಗೆ, ಅದೇ ಬಯಲಿನಲ್ಲಿ ಕುರಿ ಮೇಯಿಸುತ್ತಿದ್ದವರಿಗೆ ಆ ಬಾಡಿಗೆಯಲ್ಲಿ ಪಾಲಿಲ್ಲ. ನಾಡಿನ ಹೊಸ ಕಾಲದ ದೊಡ್ಡ ಪ್ರಶ್ನೆಯೊಂದು ಗಾಜಿನ ಹಾಳೆಗಳಾಗಿ ಕಣ್ಣೆದುರು ಮಲಗಿದೆ. ಕಾರು ನಿಲ್ಲಿಸಿ ಅರ್ಧ ಗಂಟೆ ನೋಡಿದರೂ ತಲೆಯಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಪಟ್ಟಿ ಇದನ್ನು ಬಿಟ್ಟದ್ದಕ್ಕೆ ಕಾರಣ ಚೆಂದವಿಲ್ಲ ಎಂಬುದು. ನಿಧಾನದವರು ಬಿಟ್ಟದ್ದಕ್ಕೂ ಅದೇ ಕಾರಣ. ಅವರಿಗೆ ಬೇಕಾದ ಹಳ್ಳಿಯಲ್ಲಿ ಇನ್ವರ್ಟರ್ ಕೊಠಡಿ ಇರಬಾರದು.

ಕಗ್ಗಲಡುವಿನಲ್ಲಿ ಮಾತ್ರ ಎರಡು ಬಣದವರೂ ಸೋಲುತ್ತಾರೆ. ಊರೊಳಗಿನ ಹುಣಸೆ ಮರಗಳ ಮೇಲೆ ಬಣ್ಣದ ಕೊಕ್ಕರೆಗಳು ಗೂಡು ಕಟ್ಟುವುದು ವರ್ಷದ ಮೊದಲ ತಿಂಗಳುಗಳಲ್ಲಿ. ಹುಣಸೆ ಬಡಿಯುವ ಕಾಲವೂ ಅದೇ. ಈ ಸೀಮೆಯಲ್ಲಿ ಹುಣಸೆ ಮರ ಎಂದರೆ ದುಡ್ಡು, ಮನೆ ಖರ್ಚಿನ ಒಂದು ಭಾಗ. ಗೂಡಿರುವ ಮರವನ್ನು ಬಡಿಯದೆ ಬಿಟ್ಟು, ಹಿಕ್ಕೆಯ ನಾತವನ್ನೂ ಮರಿಗಳ ಗದ್ದಲವನ್ನೂ ಸಹಿಸಿಕೊಂಡವರು ಆ ಊರಿನವರು. ಹಕ್ಕಿ ಅವರ ಕಥೆ ಕೇಳಲಿಲ್ಲ, ಅವರು ಹಕ್ಕಿಯ ಜೊತೆ ಮಾತಿಗೆ ಕೂರಲಿಲ್ಲ. ಪ್ರತಿವರ್ಷ ಬಂದದ್ದಕ್ಕೆ ಜಾಗ ಸಿಕ್ಕಿತು.

ಇಷ್ಟಾಗಿಯೂ ‘ಸ್ಥಳೀಯರೊಂದಿಗೆ ಸಂಪರ್ಕ’ ಬೇಕೇ ಬೇಕು ಎನ್ನುವ ಬೆಂಗಳೂರಿನವರಿಗೆ ಒಂದು ಮಾತು ಹೇಳಬೇಕು. ಆ ಸಂಪರ್ಕಕ್ಕೆ ಪಾವಗಡದ ತನಕ ಹೋಗಬೇಕಿಲ್ಲ. ಬರ ಬಂದಾಗಲೆಲ್ಲ ಈ ತಾಲ್ಲೂಕುಗಳ ಜನ ಬೆಂಗಳೂರಿಗೆ ದುಡಿಯಲು ಬಂದಿದ್ದಾರೆ. ಕಟ್ಟಡದ ಗಾರೆ ಕೆಲಸಕ್ಕೆ, ಆಟೊ ಓಡಿಸಲು, ಅಪಾರ್ಟ್‌ಮೆಂಟಿನ ಗೇಟು ಕಾಯಲು. ನಿಮ್ಮ ಬೀದಿಯ ಹೆಸರು, ನಿಮ್ಮ ಮನೆಯ ಕಸದ ಗಾಡಿ ಬರುವ ಹೊತ್ತು ಅವರಿಗೆ ಗೊತ್ತು. ಅವರ ಊರಿನ ಹೆಸರು ಕೇಳಿದ್ದೀರಾ? ಗೇಟಿನಲ್ಲಿ ಕೂತವರನ್ನು ‘ಯಾವೂರು?’ ಎಂದು ಕೇಳದವರು ಅವರ ಊರಿಗೇ ಹೋಗಿ ಮಣ್ಣಿನ ಮಡಕೆಯಲ್ಲಿ ನೀರು ಕುಡಿದು ಮನುಷ್ಯರನ್ನು ಕಂಡೆ ಎಂದು ಬರೆಯುವುದು ನನಗೆ ನಗು ತರಿಸುತ್ತದೆ. ಯುಗಾದಿ, ಜಾತ್ರೆಗಳ ಹಿಂದಿನ ರಾತ್ರಿ ಮಧುಗಿರಿ, ಪಾವಗಡದ ಬಸ್ಸುಗಳಲ್ಲಿ ನಿಲ್ಲಲೂ ಜಾಗವಿರುವುದಿಲ್ಲ. ಈ ದಾರಿಯ ನಿಜವಾದ ಪ್ರಯಾಣಿಕರು ಅವರು. ಅವರದು ನಿಧಾನವೂ ಅಲ್ಲ, ಪಟ್ಟಿಯೂ ಅಲ್ಲ. ಎರಡು ದಿನದ ರಜೆ, ಸೋಮವಾರ ಬೆಳಿಗ್ಗೆ ಮತ್ತೆ ಡ್ಯೂಟಿ.

ಆದ್ದರಿಂದ ಓದುಗರಿಗೆ ನನ್ನ ಸಲಹೆ ಪಟ್ಟಿ ಹರಿದು ಹಾಕಿ ಎಂದಲ್ಲ. ಪಟ್ಟಿ ಇಟ್ಟುಕೊಂಡೇ ಹೋಗಿ. ಅದಕ್ಕೆ ತಿರುಮಣಿಯ ದಾರಿಯನ್ನೂ ಮಿಡಿಗೇಶಿಯ ಕೋಟೆಯನ್ನೂ ಸೇರಿಸಿ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಕೃಷ್ಣಮೃಗಗಳನ್ನು ನೋಡಲು ಹೋದರೆ ಪಕ್ಕದ ಹೊಲದವರನ್ನು ಬೆಳೆ ಎಷ್ಟು ಉಳಿಯಿತು ಎಂದು ಕೇಳಿ. ಕಡಲೆಕಾಯಿ ಕೊಳ್ಳುವುದಿದ್ದರೆ ಚೌಕಾಸಿ ಮಾಡಬೇಡಿ. ಒಂದೇ ದಿನ ಇದ್ದರೆ ಒಂದೇ ದಿನಕ್ಕೆ ಹೋಗಿ, ಮನಸ್ಸಿಗೆ ಹಿಡಿಸಿದ ಊರಿಗೆ ಮುಂದಿನ ವರ್ಷ ಇನ್ನೊಮ್ಮೆ ಹೋಗಿ.

ಮಧುಗಿರಿ ಬೆಟ್ಟಕ್ಕೆ ರೋಪ್‌ವೇ ಹಾಕುವ ಮಾತು ಆಗಾಗ ಕೇಳಿಬರುತ್ತದೆ. ಅದಕ್ಕೂ ಮುಂಚೆ ಆಳುವವರು ಮಾಡಬೇಕಾದ ಸಣ್ಣ ಕೆಲಸಗಳಿವೆ. ಬೆಟ್ಟದ ಬುಡದಲ್ಲಿ ವರ್ಷಪೂರ್ತಿ ಕುಡಿಯುವ ನೀರು, ಹೆಣ್ಣುಮಕ್ಕಳಿಗೆ ಬೀಗ ಹಾಕದ ಶೌಚಾಲಯ, ಶಿರಾ ಕೋಟೆಯ ಮುಂದೆ ಆ 12,000 ಕುಟುಂಬಗಳ ಬಗ್ಗೆ ಕನ್ನಡದಲ್ಲಿ ಒಂದು ಫಲಕ, ಭಾನುವಾರ ಸಂಜೆ ಪಾವಗಡದಿಂದ ಮಧುಗಿರಿಗೂ ಶಿರಾಕ್ಕೂ ಇನ್ನೆರಡು ಬಸ್ಸು. ಇಷ್ಟನ್ನು ಮೊದಲು ಮಾಡಲಿ.